ಹನ್ನೆರಡನೆಯ ಬಿರಡೆ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಮೂವತ್ತೈದು ವರ್ಷದಿಂದ ಹಳೆಯ ಕಾರುಗಳ ಹೊಟ್ಟೆಯ ಕೆಳಗೇ ಬಾಳಿದವರು. ತುಕ್ಕು ಹಿಡಿಯದಂತೆ ಕಾರಿನ ತಳಕ್ಕೆ ದಪ್ಪಗೆ ಕಪ್ಪು ಕೋಟಿಂಗ್ ಹೊಡೆಯುವುದು ಅವರ ಕೆಲಸ. ಶೆಡ್ಡಿನಲ್ಲಿ ಎಲ್ಲರ ಬಾಯಲ್ಲೂ ಅವರು ತಳದಣ್ಣ. ಮೇಲಿನ ಬಣ್ಣ ನನ್ನದು. ಬಂದವರೆಲ್ಲ ನನ್ನ ಹೊಳಪಿನಲ್ಲಿ ಮೀಸೆ ತಿದ್ದಿಕೊಂಡು ಹೋಗುತ್ತಾರೆ. ಭಾವನ ಕೆಲಸವನ್ನು ಬಗ್ಗಿ ನೋಡಿದವರು ಬೆಕ್ಕು ಬಿಟ್ಟರೆ ಯಾರೂ ಇಲ್ಲ. ಆದರೂ ಗತ್ತು ಮಾತ್ರ ಅವರದೇ.

ಗತ್ತಿಗೆ ಕಾರಣ ಅವರ ಬಿರಡೆಗಳು. ಕಾರಿನ ತಳದಲ್ಲಿ ನೀರು ಇಳಿದುಹೋಗಲು ತೂತುಗಳಿರುತ್ತವೆ. ಕೋಟಿಂಗ್ ಹೊಡೆಯುವ ಗನ್ ಹಿಡಿಯುವ ಮೊದಲು ಅವನ್ನು ಮುಚ್ಚಬೇಕು, ಆಮೇಲೆ ಮರೆಯದೆ ಬಿಚ್ಚಬೇಕು. ಬೇರೆಯವರು ಟೇಪು ಅಂಟಿಸುತ್ತಾರೆ. ಭಾವ ಸೈಕಲ್ ಟ್ಯೂಬಿನ ತುಂಡನ್ನು ಸುರುಳಿ ಸುತ್ತಿ, ದಾರದಿಂದ ಮೂರು ಸುತ್ತು ಬಿಗಿದು ತುರುಕುತ್ತಾರೆ. ಅವರಿಗೆ ಕೆಲಸ ಹೇಳಿಕೊಟ್ಟ ಗುರುಗಳು ಕಲಿಸಿದ್ದು. ಗುರುಗಳು ತೀರಿಕೊಂಡು ಹದಿನೈದು ವರ್ಷವಾಯಿತು. ಅವರಿಬ್ಬರನ್ನು ಬಿಟ್ಟು ಇನ್ನಾರೂ ಹೀಗೆ ಮಾಡಿದ್ದಿಲ್ಲ.

ಈ ಸಲ ಬಂದದ್ದು ನಿವೃತ್ತ ಪೋಸ್ಟ್‌ಮಾಸ್ಟರರ ಕಾರು. ಅವರ ಮಾವ ಬಿಟ್ಟುಹೋದದ್ದು. ಎಡಗಡೆಯ ನೆಲ ಪೂರ್ತಿ ಕೊಳೆತಿತ್ತು, ವೆಲ್ಡರ್ ಹೊಸ ತಗಡು ಹಾಕಿದ್ದ. ಪೋಸ್ಟ್‌ಮಾಸ್ಟರು ದಿನಾ ಬಂದು ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂರುತ್ತಿದ್ದರು.

“ಭಾನುವಾರ ಬಂದ್ರೆ ಬಕೆಟ್‌ಗಟ್ಲೆ ನೀರು ಹಾಕಿ ತೊಳೀತಿದ್ದೆ. ನಾನೇ ಕೊಳೆಸಿದ್ದು. ‘ನಮ್ಮಪ್ಪನ ಕಾರು ಹಾಳು ಮಾಡಿದ್ರಿ’ ಅಂತ ನಮ್ಮನೆಯವಳು ಇಪ್ಪತ್ತು ವರ್ಷದಿಂದ ಹೇಳ್ತಾನೇ ಇದಾಳೆ. ಕೀ ಕೂಡ ಕೈಗೆ ಕೊಡಲ್ಲ.”

ಭಾವ ಹೂಂಗುಟ್ಟಿದರು. ಹನ್ನೊಂದು ಬಿರಡೆ ಎಣಿಸಿ ತುರುಕಿದರು. ಕೋಟಿಂಗನ್ನು ಒಂದು ಕೈ ತೆಳ್ಳಗೆ, ಇನ್ನೊಂದು ಕೈ ದೂರದಿಂದ ಹೊಡೆದರು; ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಗಿ ಬಂತು. ಆಮೇಲೆ ಮಲಗಿಕೊಂಡೇ ಬೆರಳಿಗೆ ಸಿಕ್ಕಿದ್ದನ್ನೆಲ್ಲ ಕಿತ್ತು ಡಬ್ಬಿಯ ಮುಚ್ಚಳಕ್ಕೆ ಹಾಕಿ, ಹೊರಗೆ ಬಂದು ಎಣಿಸಿದರು.

“ಹನ್ನೆರಡಿದೆಯಲ್ಲೋ! ನಾನು ಹಾಕಿದ್ದು ಹನ್ನೊಂದು.”

“ಒಂದು ಮರಿ ಹಾಕಿರ್ಬೇಕು ಭಾವ.”

ಅವರು ನಗಲಿಲ್ಲ. ನಾಲ್ಕು ಸಲ ಎಣಿಸಿದರು. ಹನ್ನೆರಡರಲ್ಲಿ ಒಂದು ಕಲ್ಲಿನಂತೆ ಗಟ್ಟಿಯಾಗಿತ್ತು. ಎಡಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಟೊಳ್ಳು ತೊಲೆಯಲ್ಲಿ ಹಳೆಯ ಕೋಟಿಂಗ್ ಚೆನ್ನಾಗಿದೆಯೆಂದು ಕೆರೆಯದೆ ಬಿಟ್ಟಿದ್ದರು. ಇದು ಅಲ್ಲಿಂದ ಬಂದದ್ದು. ಕಿತ್ತಾಗ ಮುಖದ ಮೇಲೆ ತುಕ್ಕಿನ ಪುಡಿ ಉದುರಿತ್ತಂತೆ. ಅದೇ ಟ್ಯೂಬು. ದಾರ ಮೂರು ಸುತ್ತು.

ಹಿಂದೆ ಯಾವಾಗಲೋ ಬಿಚ್ಚಲು ಮರೆತಿದ್ದಾರೆ. ನೀರು ಒಳಗೇ ನಿಂತು ನೆಲ ಕೊಳೆತಿದೆ. ಇಷ್ಟು ನನಗೂ ತಿಳಿಯಿತು. ಆದರೆ ಮರೆತವರು ಯಾರು? ಗುರುಗಳೋ, ಭಾವನೋ?

“ಆಗ ಇಬ್ರೂ ಒಟ್ಟಿಗೆ ಕೆಳಗೆ ಮಲಗ್ತಿದ್ವಿ. ಎಡಗಡೆ ಅವರಿರ್ತಿದ್ರಾ, ನಾನಾ?”

ನೆನಪಾಗಲಿ ಎಂದು ಕಾರಿನ ಕೆಳಗೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಮಲಗಿ ನೋಡಿದರು. ಹೋದದ್ದಕ್ಕಿಂತ ಹೆಚ್ಚು ಗೊಂದಲ ಹೊತ್ತು ಹೊರಬಂದರು. ಈ ಕಾರನ್ನು ಕಂಡ ನೆನಪೇ ಇಲ್ಲ ಎಂದರು. ಮಧ್ಯಾಹ್ನದ ಬುತ್ತಿ ಬಿಚ್ಚಲೇ ಇಲ್ಲ.

“ಗುರುಗಳ ತಲೆಗೆ ಕಟ್ಟಿಬಿಡಿ, ಎದ್ದು ಬರ್ತಾರಾ? ಇಲ್ಲಾಂದ್ರೆ ಸುಮ್ನಿರಿ. ನಿಮ್ಮ ಹೆಸರು ಮಣ್ಣುಪಾಲಾಗುತ್ತೆ,” ಎಂದೆ.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ದಾರೆ ಕಣೋ. ಅದೂ ಇಪ್ಪತ್ತು ವರ್ಷ.”

ನನಗೆ ನಾಚಿಕೆಯಾಯಿತು.

ಸಂಜೆ ಪೋಸ್ಟ್‌ಮಾಸ್ಟರರ ಮನೆಗೆ ಹೋದೆವು. ದಾರಿಯಲ್ಲಿ ಭಾವ ನನ್ನನ್ನೇ ಎರಡು ಸಲ ಕೇಳಿದರು, “ಯಾರಿರಬಹುದೋ?” ಪೋಸ್ಟ್‌ಮಾಸ್ಟರರ ಹೆಂಡತಿ ಊಟದ ಮೇಜಿನ ಮೇಲೆ ಬಟ್ಟೆ ಮಡಚುತ್ತಿದ್ದರು, ಗಂಡ ಪಕ್ಕದಲ್ಲೇ ಕೂತಿದ್ದರು. ಭಾವ ಬಿರಡೆಯನ್ನು ಅವರ ಮುಂದಿಟ್ಟು ಎಲ್ಲ ಹೇಳಿದರು. ತೊಳೆದದ್ದರಿಂದ ಕೊಳೆತದ್ದಲ್ಲ, ನೀರಿಗೆ ದಾರಿ ಬಿಟ್ಟಿರಲಿಲ್ಲ, ತೊಲೆಯನ್ನು ನಾವೇ ಸರಿಮಾಡಿಸಿಕೊಡುತ್ತೇವೆ ಎಂದರು.

“ಬಿಚ್ಚೋಕೆ ಮರೆತೋರು ಯಾರು?” ಆಕೆ ಕೇಳಿದರು.

“ನಾನೇ,” ಎಂದರು ಭಾವ.

ನಾನು ಅವರ ಮುಖ ನೋಡಿದೆ. ಅವರಿಗೆ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಆಕೆ ಬಿರಡೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಗಂಡನ ಕಡೆ ತಿರುಗಿದರು.

“ಇಷ್ಟು ವರ್ಷ ಬೈದೆನಲ್ಲ, ಒಂದು ಸಲನಾದ್ರೂ ‘ನಾನಲ್ಲ’ ಅನ್ನಬಾರದಿತ್ತಾ?”

“ನಂಗೂ ಗೊತ್ತಿರಲಿಲ್ವಲ್ಲೇ,” ಎಂದರು ಪೋಸ್ಟ್‌ಮಾಸ್ಟರು.