ಬಂದ್ ದಿನ ಹೊರಟ ಸೈಕಲ್

ಕೇರಳದಲ್ಲಿ ಬಂದ್ ಎಂದರೆ ಬಂದ್. ನಮ್ಮ ಮೈಸೂರಿನ ಹಾಗೆ ಅರ್ಧ ಬಾಗಿಲು ತೆರೆದು ವ್ಯಾಪಾರ ಮಾಡುವ ಬಂದ್ ಅಲ್ಲ. ಬಸ್ಸಿಲ್ಲ, ಆಟೋ ಇಲ್ಲ, ಸ್ಕೂಟರ್ ಹೊರಗೆ ತೆಗೆದರೂ ಅಡ್ಡಗಟ್ಟುತ್ತಾರೆ. ಸೈಕಲ್ಲಿಗೆ ಮಾತ್ರ ಯಾರ ತಕರಾರೂ ಇಲ್ಲ. ತೊಂಬತ್ತರ ದಶಕದಲ್ಲಿ ಅಂಥದೊಂದು ದಿನಕ್ಕಾಗಿ ನಾನು ಕಾದು ಕೂತಿದ್ದೆ.

ಕಾರಣ ನನ್ನ ಗಂಡ. ಅವರದು ಕೇಂದ್ರ ಸರಕಾರದ ಕೆಲಸ. ಮೊದಲು ಕೊಚ್ಚಿಯ ಪಾಲಾರಿವಟ್ಟಂ, ಆಮೇಲೆ ತಿರುವನಂತಪುರದ ಪಕ್ಕದ ಕಳಕ್ಕೂಟಂ. ಕೊಚ್ಚಿಯಲ್ಲಿದ್ದಾಗ ದಪ್ಪ ಟೈರಿನ ಗೇರ್ ಸೈಕಲ್ಲೊಂದನ್ನು ಹಟ ಹಿಡಿದು ಕೊಂಡಿದ್ದೆ. ಫೋರ್ಟ್ ಕೊಚ್ಚಿಗೆ ಹೋದಾಗ ಒಂದು ಸಲ ಕೈಕೊಟ್ಟಿತು, ಕಳಕ್ಕೂಟಕ್ಕೆ ಬಂದ ಮೇಲೆ ಕಡಲ ಮರಳಿನಲ್ಲಿ ಇನ್ನೊಂದು ಸಲ. ಎರಡು ಸಲವೂ ಬೂತಿನಿಂದ ಫೋನ್ ಮಾಡಿ ಇವರನ್ನೇ ಕರೆಸಿಕೊಂಡೆ.

"ಇನ್ನೊಂದ್ ಸಲ ನಾನು ಬಂದು ಕರ್ಕೊಂಡ್ ಬರೋ ಹಾಗಾದ್ರೆ ಈ ಸೈಕಲ್ ಮಾರಿಬಿಡ್ತೀನಿ ಕಣೇ," ಅಂದರು. ಆಡಿದ ಮಾತಿಗೆ ತಪ್ಪುವ ಮನುಷ್ಯರಲ್ಲ. ಆದರೆ ಅಡುಗೆಮನೆ, ಮಗಳ ಸ್ಕೂಲು, ಕ್ವಾರ್ಟರ್ಸಿನ ಹೆಂಗಸರ ಹರಟೆ ಎಲ್ಲ ಕಳೆದು, ನಾನು ಅಂತ ನಾನೊಬ್ಬಳೇ ಇರುತ್ತಿದ್ದುದು ಆ ಸೀಟಿನ ಮೇಲೆ ಮಾತ್ರ. ಅದನ್ನು ಕಳೆದುಕೊಳ್ಳುವುದಕ್ಕೆ ನಾನು ತಯಾರಿರಲಿಲ್ಲ.

ಹಾಗಾಗಿ ಬಂದ್ ದಿನವನ್ನೇ ಆರಿಸಿಕೊಂಡೆ. ಅವತ್ತು ನಾನು ಕರೆದರೂ ಅವರು ಬರುವ ಹಾಗಿಲ್ಲ. ಕಡಲಂಚಿನಲ್ಲೇ ವರ್ಕಲದ ಗುಡ್ಡ ಮುಟ್ಟಿ, ನನ್ನ ಕಾಲಿನ ಬಲದಲ್ಲೇ ವಾಪಸು ಬಂದರೆ ಅವರ ಬಾಯಿ ಮುಚ್ಚುತ್ತದೆ. ಎಂಥ ಲೆಕ್ಕಾಚಾರ ನೋಡಿ ನನ್ನದು! "ಕತ್ತಲಾಗೋದ್ರೊಳಗೆ ಬಾ," ಅಂದರು, ಕಾಫಿ ಲೋಟದಿಂದ ತಲೆ ಎತ್ತದೆ.

ದಾರಿಯಾದರೋ, ದೇವರಿಗೇ ಪ್ರೀತಿ. ಸ್ವಲ್ಪ ದೂರ ಟಾರು, ಆಮೇಲೆ ಚಕ್ರ ನುಂಗುವ ಮರಳು, ಒಣಹಾಕಿದ ಬಲೆಗಳು. ಮೀನುಗಾರರ ಕೇರಿಯಲ್ಲಿ ಹೆಜ್ಜೆಗೊಬ್ಬರು "ಎಂಗೋಟ್ಟಾ ಚೇಚೀ?", ಎಲ್ಲಿಗೆ ಅಕ್ಕಾ, ಎಂದು ತಡೆದು ಕೇಳುವವರು. ಎಲ್ಲಿಗಾದರೂ ಹೋಗುತ್ತೇನೆ, ನಿಮಗೇನ್ರಪ್ಪಾ! ಅಳಿವೆಯಲ್ಲಿ ದೋಣಿಯವನು ದಾಟಿಸಿದ. ನೀರಿನ ಮೇಲೆ ಬಂದ್ ಇಲ್ಲವಂತೆ. ಅಲ್ಲಿಂದ ಮುಂದೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಏರು ಶುರುವಾಯಿತು. ಇಳಿದು ತಳ್ಳಿದೆ, ಹತ್ತಿದೆ, ಮತ್ತೆ ಇಳಿದೆ. ದೂರದಲ್ಲಿ ವರ್ಕಲದ ಗುಡ್ಡ ಕಾಣುತ್ತಿದ್ದ ಹೊತ್ತಿಗೆ ಹಿಂದಿನ ಗೇರು ಕಲ್ಲಿಗೆ ಬಡಿದು ಬಾಗಿ, ಚಕ್ರದ ಕಡ್ಡಿಗಳೊಳಗೆ ಸಿಕ್ಕಿಕೊಂಡಿತು. ಚಕ್ರ ಅಲ್ಲಾಡಲೂ ಇಲ್ಲ.

ಹಿಂದಿನ ಚಕ್ರ ಎತ್ತಿಕೊಂಡು ಏದುಸಿರು ಬಿಡುತ್ತಾ ಒಂದು ಸೈಕಲ್ ಅಂಗಡಿ ಮುಟ್ಟಿದೆ. ಬಾಗಿಲು ಹಾಕಿತ್ತು, ರಿಪೇರಿಯವನು ಮಾತ್ರ ಜಗಲಿಯ ಮೇಲೇ ಪೇಪರು ಓದುತ್ತಾ ಕೂತಿದ್ದ.

"ಇನ್ನ್ ಬಂದ್ ಅಲ್ಲೇ ಚೇಚೀ," ಅಂದ, ಇವತ್ತು ಬಂದ್ ಅಲ್ಲವೇ ಎಂದು.

ಸರಿ ಮಾರಾಯ, ನೀನು ಮುಟ್ಟಬೇಡ, ಸ್ಪ್ಯಾನರ್ ಕೊಡು, ನಾನೇ ಬಿಚ್ಚಿಕೊಳ್ಳುತ್ತೇನೆ ಅಂದೆ. ಊಹೂಂ, ಸ್ಪ್ಯಾನರ್ ಹೊರಗೆ ಬಂದರೆ ಅಂಗಡಿ ತೆರೆದ ಹಾಗಂತೆ. ಹೆಂಡತಿಯನ್ನು ಕೂಗಿ ಚಹಾ ತರಿಸಿದ, ಬಾಳೆಹಣ್ಣು ಕೊಡಿಸಿದ, ಊಟಕ್ಕೂ ಏಳಿ ಅಂದ. ಸ್ಪ್ಯಾನರ್ ಮಾತ್ರ ಇಲ್ಲ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಯಿತು. ಮೈಯೆಲ್ಲ ಉರಿದುಹೋಯಿತು. ಚಹಾ ಮಾತ್ರ ಚೆನ್ನಾಗಿತ್ತು, ಅದಕ್ಕೂ ಸಿಟ್ಟು ಬಂತು.

ಬೂತುಗಳೂ ಬಂದ್. ಸೈಕಲ್ ಎಳೆದುಕೊಂಡು ಮನೆಯ ದಿಕ್ಕಿಗೆ ನಡೆಯತೊಡಗಿದೆ. ಬಿಸಿಲು ಇಳಿಯುವ ಹೊತ್ತಿಗೆ ಹಿಂದಿನಿಂದ ಒಂದು ಜೀಪು ಬಂದು ನಿಂತಿತು, ಮುಂದುಗಡೆ ಕಪ್ಪು ಬಾವುಟ. ಸಾವಿನ ಮನೆಗೆ ಹೋಗುವವರ ಗಾಡಿಯ ಗುರುತು ಅದು. ಅದನ್ನು ಬಂದ್ ದಿನವೂ ಯಾರೂ ತಡೆಯುವುದಿಲ್ಲ. ತಿರುವನಂತಪುರದಲ್ಲಿ ತೀರಿಕೊಂಡ ನೆಂಟರ ಮನೆಗೆ ಹೊರಟವರು. ಬೇಡ, ನಡೆದೇ ಹೋಗುತ್ತೇನೆ ಅಂದರೆ ಕೇಳುವವರಾರು? ಒಳಗಿದ್ದ ಮುದುಕಿ "ಕೇರ್ ಮೋಳೇ", ಹತ್ತು ಮಗಳೇ, ಎಂದು ಕೈಹಿಡಿದು ಹತ್ತಿಸಿಕೊಂಡಳು. ಅಷ್ಟರಲ್ಲಿ ಸೈಕಲ್ಲನ್ನು ಮೇಲಕ್ಕೆತ್ತಿ ಕಟ್ಟಿಯೂ ಆಗಿತ್ತು.

ಸತ್ತವರಿಗಾಗಿ ಅಳುತ್ತಿದ್ದ ಜನರ ನಡುವೆ ಕೂತು ನಾನು ಜಗಳಕ್ಕೆ ಮಾತು ಹೊಂದಿಸುತ್ತಿದ್ದೆ. 'ನೀವು ಬಂದು ಕರ್ಕೊಂಡ್ ಬರ್ಲಿಲ್ವಲ್ಲ? ಹಾಗಿದ್ಮೇಲೆ ಮಾರೋ ಹಾಗಿಲ್ಲ!' ಎಷ್ಟು ಭದ್ರವಾದ ವಾದ. ಲಾಯರೂ ಒಪ್ಪಬೇಕು.

ಕ್ವಾರ್ಟರ್ಸಿನ ಗೇಟಿನ ಮುಂದೆ ಜೀಪು ನಿಂತಿತು. ಹಿಂದಿನ ಸೀಟಿನ ಸಂದಿಯಿಂದ ಇವರು ಕಂಡರು. ಬರಿಗಾಲಲ್ಲಿ ಓಡಿ ಬಂದವರು ಕಪ್ಪು ಬಾವುಟ ನೋಡಿದರು, ಮೇಲೆ ಕಟ್ಟಿದ್ದ ನನ್ನ ಸೈಕಲ್ ನೋಡಿದರು. ಗೇಟು ಹಿಡಿದುಕೊಂಡು ಹಾಗೇ ನೆಲಕ್ಕೆ ಕುಸಿದರು.

"ರೀ, ಇಲ್ಲಿದೀನ್ರೀ! ಏನೂ ಆಗಿಲ್ಲಾರೀ!" ಎಂದು ಕೂಗುತ್ತಾ ಇಳಿದೆ.

ಎದ್ದು ನನ್ನ ಮಣಿಕಟ್ಟು ಹಿಡಿದರು. ಮನೆಯೊಳಗೆ ಬಂದ ಮೇಲೂ ಬಿಡಲಿಲ್ಲ. ಬೈಯಲೂ ಇಲ್ಲ.

ಮರುದಿನ ಬೆಳಿಗ್ಗೆ, ನನ್ನ ಮುಖ ನೋಡದೆ, "ಅದನ್ನ ರಿಪೇರಿಗೆ ಕೊಟ್ ಬರ್ಲಾ?" ಅಂದರು.

"ಬೇಡ, ಮಾರಿಬಿಡಿ," ಅಂದೆ.

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ದುಃಖಕ್ಕಲ್ಲ, ಬರೀ ಸಿಟ್ಟಿಗೆ. ಮಾರುತ್ತೇನೆ ಅಂತ ಅವರು ಅಂದಿದ್ದರೆ ನಾನು ಬಿಡುತ್ತಲೇ ಇರಲಿಲ್ಲ.