ಅತ್ತೆಯ ಹೆಪ್ಪು, ಎರಡು ಹಗ್ಗ

ಬೆಳಕು ಹರಿಯುವ ಹೊತ್ತಿಗೇ ಅಯುವೊ ಅವರ ಒಲೆ ಹೊತ್ತಿಕೊಂಡಿದೆ. ದೊಡ್ಡ ಮಡಕೆಗಳಲ್ಲಿ ಮೊಳಕೆ ಜೋಳದ ರಸ ಕೊತಕೊತ ಕುದಿಯುತ್ತಿದೆ. ಅವರು ಸೋರೆಬುರುಡೆಯಿಂದ ಕಲಕುತ್ತಾರೆ, ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತಾರೆ, ಮತ್ತೆ ಮತ್ತೆ ಗೋಡೆಯ ಕಡೆ ತಿರುಗುತ್ತಾರೆ. ಅಲ್ಲಿ ಗೂಟಕ್ಕೆ ಹುಲ್ಲಿನ ಎರಡು ಹಗ್ಗಗಳು ತೂಗುತ್ತಿವೆ. ಎರಡಕ್ಕೂ ಹಳೆಯ ಪಿಟೊದ, ಅಂದರೆ ಜೋಳದ ಹೆಂಡದ, ಹೆಪ್ಪು ಮೆತ್ತಿಕೊಂಡು ಒಣಗಿದೆ. ಒಂದು ಅವರ ಅತ್ತೆಯದು. ಯಾವುದೆಂದು ಅವರಿಗೆ ತಿಳಿಯುತ್ತಿಲ್ಲ.

ಘಾನಾದ ಉತ್ತರದ ತುದಿಯ ನಂದೊಂನಲ್ಲಿ ಈ ಪಿಟೊ ಮನೆಯನ್ನು ಶುರುಮಾಡಿದವರು ಅತ್ತೆ ದೆರ್‌ಪೊಗ್. ಹೇಗೆ ಶುರುವಾಯಿತೆಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಥೆ. ಮದುವೆಯಾಗಿ ಬರುವಾಗಲೇ ತವರಿನ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಬಂದರಂತೆ. ಅಲ್ಲ, ಗಂಡ ದಕ್ಷಿಣದ ಗಣಿಗೆ ಹೋಗಿ ತಿರುಗಿ ನೋಡದ ವರ್ಷ ಹೊಟ್ಟೆಪಾಡಿಗೆ ಮಡಕೆ ಇಟ್ಟರಂತೆ. ಬಾಟಲಿ ಬಿಯರಿನ ಲಾರಿ ಮೊದಲು ಬಂದಾಗ ಇಲ್ಲಿನ ಬೆಂಚುಗಳು ಖಾಲಿಯಾದವು, ಆಮೇಲೆ ತಾವಾಗಿಯೇ ತುಂಬಿದವು. ಇದೊಂದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ.

ದೆರ್‌ಪೊಗ್ ತೀರಿಕೊಂಡಿದ್ದಾರೆ. ನಾಳೆ ಅವರ ಹೆಸರಿನಲ್ಲಿ ತಂಪು ಪಿಟೊವನ್ನು ನೆಲಕ್ಕೆ ಎರೆಯುವ ಶಾಸ್ತ್ರ. ಅದನ್ನು ಎರೆದ ಮೇಲೆಯೇ ಅವರು ಮನೆಯ ಹಿರಿಯರ ಸಾಲಿಗೆ ಸೇರುವುದು, ಅಲ್ಲಿಯವರೆಗೆ ಹೊಸ್ತಿಲಾಚೆಯೇ. ಅದು ಅವರದೇ ಹೆಪ್ಪಿನದಾಗಿರಬೇಕು, ಇಲ್ಲದಿದ್ದರೆ ಮುಂದಿನ ಸುಗ್ಗಿಗೆ ನೋಡೋಣ ಎಂದು ಹಿರಿಯ ಮಗ ಬೊನಿಫಾಸ್ ಹೇಳಿಬಿಟ್ಟಿದ್ದಾರೆ.

ಹಗ್ಗಗಳು ಬೆರೆತದ್ದು ಕಳೆದ ವಾರ. ಎರಡನೆಯದು ಓರಗಿತ್ತಿ ಸಬೀನಾ ತವರಿನಿಂದ ತಂದದ್ದು. ಒಂದೇ ಗೋಡೆಯ ಮೇಲೆ ಒಣಹಾಕಿದ್ದರು. ದೂಳುಗಾಳಿ ಎರಡನ್ನೂ ಅಂಗಳಕ್ಕೆ ಬೀಳಿಸಿತು, ಅಯುವೊ ಬಾಚಿಕೊಂಡು ಒಳಗೆ ಓಡಿದರು.

“ಈ ಗಂಟು ನೋಡಕ್ಕ, ನಮ್ಮವ್ವ ಹೀಗೆ ಹಾಕ್ತಿರಲಿಲ್ಲ,” ಎನ್ನುತ್ತಾರೆ ಸಬೀನಾ.

“ನಿನ್ನೆ ಇನ್ನೊಂದನ್ನ ತೋರಿಸಿ ಇದೇ ಮಾತು ಹೇಳಿದ್ದೆ.”

“ನಿನ್ನೆ ಸರಿಯಾಗಿ ಬೆಳಕಿರಲಿಲ್ಲ.”

ಪಕ್ಕದ ಮನೆಯ ಮುದುಕಿ ಇಮೆಲ್ದಾ ಕೂಡ ಪಿಟೊ ಕಾಯಿಸುವವರೇ. ಬೇಲಿಯಾಚೆಯಿಂದ ಎಲ್ಲ ಕೇಳಿಸಿಕೊಂಡು ಬರುತ್ತಾರೆ. “ಅವಳ ಹೆಪ್ಪು, ಅವಳ ಹೆಪ್ಪು ಅಂತೀರಲ್ಲ. ಅವಳದು ಕೆಟ್ಟಾಗೆಲ್ಲ ನನ್ನ ಹತ್ರ ಇಸ್ಕೊಂಡು ಹೋಗ್ತಿದ್ದಳು. ನಂದು ಕೆಟ್ಟಾಗ ನಾನಿಲ್ಲಿಗೆ ಬರ್ತಿದ್ದೆ. ಹೆಪ್ಪು ಕೇಳಿದವರಿಗೆ ಇಲ್ಲ ಅನ್ನೋಕಾಗುತ್ತಾ?”

“ಹಾಗಾದ್ರೆ ಈ ಹಗ್ಗದಲ್ಲಿರೋದು ಯಾರದು ಅಜ್ಜಿ?”

“ನನ್ನ ಕೇಳ್ತೀಯಾ? ನನ್ನ ಮನೇಲಿರೋದೇ ಯಾರದು ಅಂತ ನಂಗೊತ್ತಿಲ್ಲ.”

ಅಯುವೊ ಇನ್ನಷ್ಟು ಗೊಂದಲಕ್ಕೆ ಬೀಳುತ್ತಾರೆ. ಹಾಗೆಂದು ಕೈ ನಿಲ್ಲುವುದಿಲ್ಲ. ಬುಟ್ಟಿಯಲ್ಲಿ ಸೋಸುತ್ತಾರೆ, ಮತ್ತೆ ಕುದಿಸುತ್ತಾರೆ, ಸೌದೆ ಹಿಂದಕ್ಕೆಳೆಯುತ್ತಾರೆ. ಸಂಜೆಯ ವೇಳೆಗೆ ರಸ ಉಗುರುಬೆಚ್ಚಗಾಗಿರುತ್ತದೆ. ಆಗ ಹೆಪ್ಪು ಬೀಳದಿದ್ದರೆ ಎಲ್ಲವೂ ಹಾಳು.

ಬೊನಿಫಾಸ್ ಬಂದು ಬೆಂಚಿನ ಮೇಲೆ ಕೂರುತ್ತಾರೆ.

“ಭಾವ, ಅತ್ತೆ ಹಗ್ಗ ಯಾವುದು ಅಂತ ನಂಗೆ ತಿಳೀತಿಲ್ಲ,” ಎಂದು ಅಯುವೊ ಹೇಳಿಯೇಬಿಡುತ್ತಾರೆ. ಇಮೆಲ್ದಾ ಹೇಳಿದ್ದನ್ನೂ ಸೇರಿಸುತ್ತಾರೆ.

ಬೊನಿಫಾಸ್ ಎರಡೂ ಹಗ್ಗಗಳನ್ನು ಮೂಗಿನ ಹತ್ತಿರ ಹಿಡಿಯುತ್ತಾರೆ. “ಎರಡೂ ಒಂದೇ ವಾಸನೆ.”

“ಮುಂದಿನ ಸುಗ್ಗಿಗೆ ಹಾಕ್ತೀರಾ?”

“ಅಮ್ಮನ್ನ ಇನ್ನೊಂದು ವರ್ಷ ಹೊರಗೆ ನಿಲ್ಲಿಸಿದ್ರೆ ನನ್ನ ಸುಮ್ನೆ ಬಿಡ್ತಾಳಾ?” ಎಂದು ಹಗ್ಗಗಳನ್ನು ಅಯುವೊ ಕೈಗಿಟ್ಟು ಎದ್ದುಹೋಗುತ್ತಾರೆ.

ಅದು ಒಪ್ಪಿಗೆಯೇ? ಅಯುವೊಗೆ ತಿಳಿಯುವುದಿಲ್ಲ. ದಿನವೂ ಇಲ್ಲಿಗೆ ಕುಡಿಯಲು ಬರುವ, ಅಲ್ಲೇ ಬೆಂಚಿನ ಮೇಲೆ ಕೂತಿದ್ದ ನನಗೂ ಖಚಿತವಾಗಿ ಹೇಳಲಾಗದು. ಅಯುವೊ ರಸಕ್ಕೆ ಬೆರಳದ್ದಿ ನೋಡುತ್ತಾರೆ. ಸಬೀನಾ ಮುಖ ನೋಡುತ್ತಾರೆ. ಎರಡೂ ಹಗ್ಗಗಳನ್ನು ಒಂದೇ ಮಡಕೆಗೆ ಇಳಿಬಿಡುತ್ತಾರೆ.

ಮರುದಿನ ಬೆಳಿಗ್ಗೆ ನೊರೆ ಮಡಕೆಯ ಬಾಯಿಗೆ ಬಂದಿದೆ. ಅಂಗಳದಲ್ಲಿ ನೆಂಟರು ಸೇರಿದ್ದಾರೆ. ಕಾಯಿಸಿದವರು ಮೊದಲು ಕುಡಿದು ತೋರಿಸದೆ ಇಲ್ಲಿ ಯಾರೂ ಸೋರೆಬುರುಡೆ ಮುಟ್ಟುವುದಿಲ್ಲ. ಅಯುವೊ ಒಂದು ಗುಟುಕು ಕುಡಿಯುತ್ತಾರೆ.

“ಹೇಗಿದೆ ಅಕ್ಕ?” ಎನ್ನುತ್ತಾರೆ ಸಬೀನಾ.

“ಅತ್ತೆ ಇದ್ದಿದ್ರೆ ಹುಳಿ ಅಂತಿದ್ರು. ನಾನು ಕಾಯ್ಸಿದ್ದು ಅವರಿಗೆ ಯಾವತ್ತೂ ಹುಳೀನೇ,” ಎನ್ನುತ್ತಾ ಬುರುಡೆಯನ್ನು ಬೊನಿಫಾಸ್ ಕೈಗೆ ಕೊಡುತ್ತಾರೆ. ಅವರು ಎರೆಯಲು ಬಾಗುವುದನ್ನೇ ನೋಡುತ್ತಾ ಮೆಲ್ಲಗೆ ಹೇಳುತ್ತಾರೆ: “ಅತ್ತೆ ಒಳಗೆ ಬಂದು, ಇವತ್ತೂ ಹುಳಿ ಅಂತ ಬೈದ್ರೆ ಸಾಕು ನಂಗೆ.”