ಬೊಗೊಟಾದ ಜಯನಗರ ಯಾವುದು?

ಕನ್ನಡದವರು ಯಾರೇ ಪರಿಚಯವಾಗಲಿ, ಮೂರು ನಿಮಿಷದೊಳಗೆ ರಚನಾಳ ಬಾಯಿಂದ ಆ ಪ್ರಶ್ನೆ ಹೊರಬೀಳುತ್ತಿತ್ತು: "ಬೆಂಗಳೂರಲ್ಲಿ ಎಲ್ಲಿ?" ಡುಲುತ್‌ನ ಕೊರಿಯನ್ ಬೇಕರಿಯ ಕ್ಯೂನಲ್ಲಿ ನಿಂತಿದ್ದರೂ ಸರಿ, ಡಾಕ್ಟರ ಬಾಗಿಲಲ್ಲಿ ಮಗು ಕಿರುಚುತ್ತಿದ್ದರೂ ಸರಿ, ಉತ್ತರ ಸಿಗುವ ತನಕ ಎದುರಿನವರ ಮುಖವೇ ಅವಳಿಗೆ ಕಾಣಿಸುತ್ತಿರಲಿಲ್ಲ. ಬಸವನಗುಡಿ ಎಂದರೆ ಹುಬ್ಬು ಮೇಲೇರುತ್ತಿತ್ತು. ಜಯನಗರ ಎಂದರೆ "ಯಾವ ಬ್ಲಾಕ್?" ನಾಲ್ಕನೆಯದಾದರೆ ತುಂಬು ನಗು, ಒಂಬತ್ತನೆಯದಾದರೆ ಅರ್ಧ. ಪೀಣ್ಯ ಎಂದರೆ, "ಪರವಾಗಿಲ್ಲ ಬಿಡಿ, ಈಗ ಅಲ್ಲಿಗೂ ಮೆಟ್ರೋ ಬಂದಿದೆಯಲ್ಲ" ಎಂಬ ಸಾಂತ್ವನ, ಮನೆಯಲ್ಲಿ ಸಾವಾದವರಿಗೆ ಹೇಳುವಂತೆ.

ಅವಳದ್ದು ಜೆ.ಪಿ. ನಗರ, ಆರನೇ ಫೇಸ್. ಹಾಗಂತ ಅವಳು ಹೇಳುತ್ತಿದ್ದಳು. ಅಪ್ಪ ಈರಣ್ಣನವರು ಕಟ್ಟಿಸಿದ ಮನೆ ಇದ್ದದ್ದು ರಿಂಗ್ ರೋಡ್ ದಾಟಿ, ಜರಗನಹಳ್ಳಿಯಲ್ಲಿ. ಆದರೆ ಬರುವ ಕಾಗದಗಳ ಮೇಲೆಲ್ಲ ಜೆ.ಪಿ. ನಗರ ಎಂದೇ ಇರುತ್ತಿತ್ತು. ಪೋಸ್ಟ್‌ಮ್ಯಾನೇ ಒಪ್ಪಿಕೊಂಡ ಮೇಲೆ ಉಳಿದವರದ್ದೇನು ತಕರಾರು? ಅಮೆರಿಕದ ಜಾರ್ಜಿಯಾಕ್ಕೆ ಬಂದ ಮೇಲೂ ಅಭ್ಯಾಸ ಬಿಡಲಿಲ್ಲ. ಮನೆ ಡುಲುತ್‌ನಲ್ಲಿ, ಹೇಳುವುದು ಮಾತ್ರ ನೆರೆಯ ಸಿರಿವಂತರ ಊರಿನ ಹೆಸರು: "ಜಾನ್ಸ್ ಕ್ರೀಕ್ ಪಕ್ಕ."

ಇಂತಿಪ್ಪ ರಚನಾಳಿಗೆ 2023ರ ಆಗಸ್ಟಿನಲ್ಲಿ ಆಫೀಸಿನಿಂದ ಮೇಲ್ ಬಂತು. ಮನೆಯಿಂದ ಕೆಲಸ ಮಾಡಿದ್ದು ಸಾಕು, ಮುಂದಿನ ಸೋಮವಾರದಿಂದ ವಾರಕ್ಕೆ ನಾಲ್ಕು ದಿನ ಆಫೀಸಿಗೆ ಬರಲೇಬೇಕು. ಮಗಳು ಇಂಚರಳಿಗೆ ಒಂಬತ್ತು ತಿಂಗಳು. ಅತ್ತೆ ಆರು ತಿಂಗಳು ಮುಗಿಸಿ ಮೈಸೂರಿಗೆ ವಾಪಸ್ಸಾಗಿದ್ದರು. ಡೇ ಕೇರ್‌ನಲ್ಲಿ ಜನವರಿಯ ತನಕ ಜಾಗವಿಲ್ಲ. ಮಗುವನ್ನು ನೋಡಿಕೊಳ್ಳುವವರು ಸಿಗದಿದ್ದರೆ ಕೆಲಸ ಹೋಗುತ್ತದೆ, ಕೆಲಸದ ಹಿಂದೆ ವೀಸಾ, ವೀಸಾದ ಹಿಂದೆ ಮನೆ. ರಚನಾ ಎರಡು ದಿನ ಊಟ ಬಿಟ್ಟು ಇದನ್ನೇ ಎಣಿಸಿದಳು.

ಆಗ ಗೆಳತಿ ಮಧುರಾ ಫೋನ್ ಮಾಡಿದಳು. "ನಮ್ಮ ನೂಬಿಯಾ ಇದಾರಲ್ಲ ಕಣೇ, ನನ್ನ ಟ್ವಿನ್ಸ್‌ನ ಎರಡು ವರ್ಷ ನೋಡ್ಕೊಂಡ್ರು. ಈಗ ಮಕ್ಕಳು ಸ್ಕೂಲಿಗೆ ಹೋಗ್ತಿದಾರೆ, ನೂಬಿಯಾ ಫ್ರೀ. ಕೊಲಂಬಿಯಾದ ಬೊಗೊಟಾದವರು. ಬಂಗಾರದಂಥ ಹೆಂಗಸು. ಬೇಗ ಓಕೆ ಮಾಡ್ಬಿಡು, ಹಾರಿ ಹೋಗ್ತಾರೆ."

ನೂಬಿಯಾ ಗುರುವಾರ ಬಂದರು. ಐವತ್ತೈದರ ಆಸುಪಾಸು, ಬೂದು ಕೂದಲು, ಬಾಗಿಲಲ್ಲೇ ಶೂ ಬಿಚ್ಚಿಟ್ಟು ಕೈ ತೊಳೆಯಲು ಸಿಂಕ್ ಎಲ್ಲಿ ಎಂದು ಕೇಳಿದರು. ರಚನಾ ಲ್ಯಾಪ್‌ಟಾಪಿನಲ್ಲಿ ಇಪ್ಪತ್ತೇಳು ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದಳು. ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಂಡರೆ ಏನು ಮಾಡುತ್ತೀರಿ ಎಂಬಲ್ಲಿಗೆ ಬರುವಷ್ಟರಲ್ಲಿ ಇಂಚರ ರಾಗಿ ಸರಿಯನ್ನು ಮೂರನೇ ಸಲ ಉಗುಳಿದಳು. ನೂಬಿಯಾ ಬಟ್ಟಲು ತೆಗೆದುಕೊಂಡು ಮೂಸಿ ನೋಡಿ, "ಗಂಟಾಗಿದೆ" ಎಂದರು, ಇಂಗ್ಲಿಷಿನಲ್ಲಿ. ಒಲೆಯ ಮುಂದೆ ನಿಂತು ಬಿಸಿನೀರು ಹಾಕಿ ತಿರುವಿದರು. ನೆಲದ ಮೇಲೆ ಕೂತು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡರು. ಬಟ್ಟಲು ಖಾಲಿಯಾಯಿತು. "ಸಾಕಾ ಪುಟ್ಟಿ?" ಇದು ಕನ್ನಡದಲ್ಲಿ, ಮಧುರಾಳ ಮನೆಯಿಂದ ತಂದದ್ದು.

ಬೇರೆ ಯಾವ ತಾಯಿಯಾದರೂ ಅಲ್ಲೇ ಕೈಮುಗಿಯುತ್ತಿದ್ದಳು. ರಚನಾ ಇಪ್ಪತ್ತೆಂಟನೇ ಪ್ರಶ್ನೆ ಕೇಳಿದಳು.

"ಬೊಗೊಟಾದಲ್ಲಿ ಯಾವ ಏರಿಯಾ?"

ನೂಬಿಯಾಗೆ ಖುಷಿಯಾಯಿತು. ಇಲ್ಲಿ ಯಾರೂ ಅದನ್ನು ಕೇಳುವುದಿಲ್ಲ. ಕೊಲಂಬಿಯಾ ಎಂದರೇ ತಲೆಯಾಡಿಸಿ ಸುಮ್ಮನಾಗುತ್ತಾರೆ. "ಸಿಯುದಾದ್ ಬೊಲಿವಾರ್" ಎಂದರು. ಊರಿನ ದಕ್ಷಿಣಕ್ಕೆ, ಬೆಟ್ಟದ ಮೇಲೆ. ಈಗ ಅಲ್ಲಿಗೆ ಕೇಬಲ್ ಕಾರ್ ಹೋಗುತ್ತದೆ. ಅಮ್ಮನ ಮನೆಯ ತಾರಸಿಯಿಂದ ಇಡೀ ಬೊಗೊಟಾ ಕಾಣುತ್ತದೆ. ಫೋನ್ ತೆಗೆದು ಫೋಟೋ ತೋರಿಸಿದರು: ಇಟ್ಟಿಗೆಯ ಪುಟ್ಟ ಪುಟ್ಟ ಮನೆಗಳು, ಒಂದರ ಹೆಗಲ ಮೇಲೆ ಇನ್ನೊಂದು. ರಚನಾ ಫೋಟೋದಲ್ಲಿ ಪ್ಲಾಸ್ಟರ್ ಆಗದ ಗೋಡೆಗಳನ್ನು ಮಾತ್ರ ನೋಡಿದಳು.

"ಭಾನುವಾರ ಹೇಳ್ತೀನಿ" ಎಂದಳು.

ಅಂದು ಸಂಜೆ ಗಂಡ ಪ್ರತಾಪ್ ಮನೆಗೆ ಬಂದಾಗ ಅವಳು ಎಕ್ಸೆಲ್ ಶೀಟ್ ತೆರೆದು ಕೂತಿದ್ದಳು. ಬೊಗೊಟಾ ನಗರದಲ್ಲಿ ಒಟ್ಟು ಇಪ್ಪತ್ತು ವಿಭಾಗಗಳು. ಎಡಗಡೆ ಅವುಗಳ ಹೆಸರು, ಬಲಗಡೆ ಬೆಂಗಳೂರಿನಲ್ಲಿ ಅದಕ್ಕೆ ಸಮನಾದದ್ದು. ಉತ್ತರದ ಉಸಾಕೆನ್‌ಗೆ ಸದಾಶಿವನಗರ. ಹೋಟೆಲು, ಕೆಫೆ ತುಂಬಿದ ಚಾಪಿನೇರೊಗೆ ಇಂದಿರಾನಗರ. ಹಳೇ ಮನೆ, ಮರ, ಯೂನಿವರ್ಸಿಟಿ ಇರುವ ತೆಉಸಾಕಿಯೊಗೆ ಜಯನಗರ. ಇದರ ಮುಂದೆ ನಕ್ಷತ್ರ ಹಾಕಿದ್ದಳು. ಕೆನಡಿ ಎಂಬ ಹೆಸರು ಕಂಡು ಅಮೆರಿಕದವರು ಇರಬಹುದೆಂದು ಆಸೆಪಟ್ಟಳು. ಓದಿದರೆ ಜನವೋ ಜನ, ರಾಜಾಜಿನಗರ ಎಂದು ಬರೆದಳು.

"ಪ್ರತಾಪ್, ಇಲ್ಲಿ ನೋಡು. ಇಪ್ಪತ್ತನೇದು ಸುಮಾಪಾಸ್ ಅಂತೆ. ಬರೀ ಬೆಟ್ಟ, ಮಂಜು, ಆಲೂಗಡ್ಡೆ ಹೊಲ. ಊರ ಅರ್ಧದಷ್ಟು ಜಾಗ ಅದೇ. ಇದಕ್ಕೇನು ಹಾಕ್ಲಿ?"

"ಖಾಲಿ ಬಿಡು. ಮಗು ನೋಡ್ಕೊಳೋರು ಸಿಕ್ಕಿದ್ರಾ?"

"ಅದಕ್ಕೇ ತಾನೇ ಇದು! ಅಲ್ಲಿ ಒಂದೊಂದು ಏರಿಯಾಗೂ ನಂಬರ್ ಇದೆ ಗೊತ್ತಾ, ಒಂದರಿಂದ ಆರು. ಆರು ಅಂದ್ರೆ ದುಡ್ಡಿರೋರು. ಕರೆಂಟ್ ಬಿಲ್ ಮೇಲೇ ಪ್ರಿಂಟ್ ಮಾಡ್ತಾರೆ."

ಬೆಸ್ಕಾಂನವರಿಗೆ ಈ ಬುದ್ಧಿ ಯಾಕೆ ಬರಲಿಲ್ಲವೋ ಎಂದು ಅವಳಿಗೆ ಒಂದು ಕ್ಷಣ ನಿಜವಾಗಿಯೂ ಅನಿಸಿತು. ಜರಗನಹಳ್ಳಿಯ ಬಿಲ್ ನೆನಪಾಗಿ, ಬರದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡಳು.

"ಸರಿ, ಈ ನೂಬಿಯಾದು ಎಷ್ಟು?" ಪ್ರತಾಪ್ ಕೇಳಿದ.

"ಹೆಚ್ಚಿನ ಮನೆಗಳು ಒಂದು." ಕತ್ತಲಾದ ಮೇಲೆ ಪ್ರವಾಸಿಗರು ಆ ಕಡೆ ಹೋಗಬೇಡಿ ಎಂದು ಯಾರೋ ಬರೆದದ್ದನ್ನೂ ಓದಿದ್ದಳು.

"ಅವರು ಇಲ್ಲಿಗೆ ಬರ್ತಾರೆ ಕಣೇ. ನೀನು ಅಲ್ಲಿಗೆ ಹೋಗ್ತಿಲ್ಲ."

ಗಂಡಸರಿಗೆ ಆತಂಕದ ಬೆಲೆ ಗೊತ್ತಿಲ್ಲ. ರಚನಾ ಶುಕ್ರವಾರ ಬೆಳಗ್ಗೆ 'ಡುಲುತ್ ಅಮ್ಮಂದಿರು' ವಾಟ್ಸಾಪ್ ಗುಂಪಿನಲ್ಲಿ, ನಲವತ್ತೊಂದು ತಾಯಂದಿರ ಎದುರು, ಸಮಸ್ಯೆಯನ್ನು ಹರವಿದಳು: ಒಬ್ಬರು ನ್ಯಾನಿ ಸಿಕ್ಕಿದ್ದಾರೆ, ಮಗು ಅವರ ಹತ್ತಿರ ಚೆನ್ನಾಗಿ ತಿನ್ನುತ್ತದೆ, ಆದರೆ ಬೊಗೊಟಾದಲ್ಲಿ ಅವರ ಏರಿಯಾ ಸರಿಯಿಲ್ಲ. "ನಮ್ಮ ಪಾದರಾಯನಪುರ ಇದ್ದ ಹಾಗಂತೆ. ಸೇಫಾ? ಗೊತ್ತಿದ್ದವರು ಹೇಳಿ ಪ್ಲೀಸ್."

ಹತ್ತು ನಿಮಿಷದಲ್ಲಿ ಉತ್ತರ ಬಂತು. ಬರೆದವಳು ಫಲಕ್. ರಚನಾಳ ಮನೆಯಿಂದ ನಾಲ್ಕು ಬೀದಿ ಆಚೆ ಅವಳ ಮನೆ. ಅವಳಿಗೂ ಒಂದು ವರ್ಷದ ಮಗ, ಹುಜೈಫಾ.

"ರಚನಾ, ನಾನು ಪಾದರಾಯನಪುರದೋಳು. ಹನ್ನೊಂದನೇ ಕ್ರಾಸ್. ನನ್ನ ಮಗ ನನ್ನ ಹತ್ರ ಸೇಫಾ? ಗೊತ್ತಿದ್ದವರು ಹೇಳಿ ಪ್ಲೀಸ್."

ಕೆಳಗೆ ಇಪ್ಪತ್ತಾರು ನಗುವ ಮುಖಗಳು ಸಾಲಾಗಿ ಬಂದವು. ರಚನಾ ತನ್ನ ಮೆಸೇಜ್ ಅಳಿಸಿದಳು. ಅಳಿಸಿದ್ದಾಳೆ ಎಂಬುದನ್ನೂ ಎಲ್ಲರೂ ನೋಡಿದರು.

ಎಕ್ಸೆಲ್ ಶೀಟನ್ನು ಮಧುರಾಳಿಗೂ ಕಳಿಸಿದ್ದಳು. ಶನಿವಾರ ಮಧ್ಯಾಹ್ನ ಅವಳ ಫೋನ್. "ಹೋಯ್ತು ಕಣೇ. ನೂಬಿಯಾನ ಫಲಕ್ ಬುಕ್ ಮಾಡ್ಕೊಂಡ್ಲು. ನೀನು ಅಲ್ಲಿ ಅಟ್ಲಾಸ್ ಬರೀತಾ ಕೂತ್ಕೋ."

"ಬೇರೆ ಯಾರಾದ್ರೂ..."

"ಸೋಮವಾರದೊಳಗಾ? ಉಸಾಕೆನ್‌ನಿಂದ ಫ್ಲೈಟಲ್ಲಿ ತರಿಸ್ಕೋ. ಹೋಗಿ ಫಲಕ್‌ನೇ ಕೇಳು. ನೂಬಿಯಾ ಎರಡು ಮಕ್ಕಳನ್ನ ಒಟ್ಟಿಗೆ ನೋಡ್ಕೋತಾರೆ, ನನ್ನ ಟ್ವಿನ್ಸೇ ಸಾಕ್ಷಿ."

ಭಾನುವಾರ ಮಧ್ಯಾಹ್ನ ರಚನಾ ಇಂಚರಳನ್ನು ಸೊಂಟಕ್ಕೇರಿಸಿಕೊಂಡು ನಾಲ್ಕು ಬೀದಿ ದಾಟಿದಳು. ದಾರಿಯುದ್ದಕ್ಕೂ ಕ್ಷಮಾಪಣೆ ಬಾಯಿಪಾಠ ಮಾಡಿದ್ದಳು. ಮಗನನ್ನು ಎತ್ತಿಕೊಂಡೇ ಫಲಕ್ ಬಾಗಿಲು ತೆರೆದಳು, ರಚನಾ ಬಾಯಿ ತೆರೆದಳು. ಅಷ್ಟರಲ್ಲಿ ಇಂಚರ ಬಗ್ಗಿ ಹುಜೈಫಾನ ಕೈಯಲ್ಲಿದ್ದ ಬಿಸ್ಕತ್ತು ಕಿತ್ತುಕೊಂಡಳು.

"ಬನ್ನಿ ಬನ್ನಿ, ಒಳಗೆ ಬನ್ನಿ" ಎಂದಳು ಫಲಕ್. "ಮಧುರಾ ಹೇಳಿದ್ಲು. ನೂಬಿಯಾ ಅವರ್ನ ಕೇಳಿದೆ, ಆ ರಾಗಿ ಪುಟ್ಟಿ ಆದ್ರೆ ಖಂಡಿತ ಅಂದ್ರು. ನನಗೂ ಅಭ್ಯಂತರ ಇಲ್ಲ. ಒಂದೇ ಒಂದು ಪ್ರಶ್ನೆ."

ರಚನಾ ಲಸಿಕೆಯ ಕಾಗದಗಳನ್ನು ಚೀಲದಿಂದ ಹೊರತೆಗೆದಳು.

"ಅದಲ್ಲ. ಬೆಂಗಳೂರಲ್ಲಿ ಎಲ್ಲಿ?"

"ಜೆ.ಪಿ. ನಗರ. ಸಿಕ್ಸ್ತ್ ಫೇಸ್."

"ಹೌದಾ! ನಮ್ಮ ಅಬ್ಬಾ ಸಾರಕ್ಕಿ ಮಾರ್ಕೆಟ್ಟಲ್ಲಿ ಇಪ್ಪತ್ತು ವರ್ಷ ಬಾಳೆಹಣ್ಣಿನ ಅಂಗಡಿ ಇಟ್ಟಿದ್ರು. ಆ ಕಡೆಯೆಲ್ಲ ನನಗೆ ಗೊತ್ತು." ಫಲಕ್ ಮುಗುಳ್ನಕ್ಕಳು. "ರಿಂಗ್ ರೋಡ್ ಈಚೆಗೋ, ಆಚೆಗೋ?"

ಹನ್ನೆರಡು ವರ್ಷಗಳಿಂದ, ಎರಡು ದೇಶಗಳಲ್ಲಿ, ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾಳೆ ಸೋಮವಾರ. ಇಂಚರಳ ಬಾಯಲ್ಲಿ ಇನ್ನೊಬ್ಬರ ಮಗುವಿನ ಬಿಸ್ಕತ್ತು.

"ಆಚೆಗೆ" ಎಂದಳು ರಚನಾ. "ಜರಗನಹಳ್ಳಿ."

"ಅಷ್ಟೇನಾ? ಅದಕ್ಕೆ ಇಷ್ಟು ಹೊತ್ತಾ? ಏಳೂವರೆಗೆ ಕರ್ಕೊಂಡು ಬನ್ನಿ. ರಾಗಿ ಹಿಟ್ಟು ನಿಮ್ಮನೇದೇ ತನ್ನಿ."

ಸೋಮವಾರ ರಚನಾ ಆಫೀಸಿಗೆ ಹೋದಳು. ಕೆಲಸ ಉಳಿಯಿತು, ವೀಸಾ ಉಳಿಯಿತು, ನಾಚಿಕೆ ಮಾತ್ರ ಬುಧವಾರದ ತನಕ ಉಳಿಯಿತು. ಬುಧವಾರ ಕ್ಯಾಂಟೀನಿನಲ್ಲಿ ಸಹೋದ್ಯೋಗಿ ವರಲಕ್ಷ್ಮಿ, ಮಗು ಯಾರ ಹತ್ತಿರ ಎಂದು ಕೇಳಿದಳು.

"ಬೊಗೊಟಾದವರೊಬ್ಬರು ಸಿಕ್ಕಿದ್ದಾರೆ" ಎಂದಳು ರಚನಾ, ಡಬ್ಬಿ ತೆರೆಯುತ್ತಾ. "ಒಳ್ಳೇ ಏರಿಯಾದವರು ಕಣ್ರೀ. ಹಿಲ್ ವ್ಯೂ. ಮನೆ ಹತ್ರಕ್ಕೇ ಕೇಬಲ್ ಕಾರ್ ಬರುತ್ತಂತೆ."